ಗುಂಗುರು ಕೂದಲಿಗೆ ಮನೇಲೇ ಬ್ಲೋ ಡ್ರೈ, ನಾನು ಮಾಡ್ಕೊಳ್ಳೋ ರೀತಿ

ಒತ್ತಾದ, ಬಿಗಿ ಸುರುಳಿ ಕೂದಲು ಇರೋರು ಬ್ಲೋ ಡ್ರೈ, ಅಂದ್ರೆ ಕೂದಲನ್ನ ಎಳೆದು ಹಿಡಿದು ಡ್ರೈಯರ್ ಗಾಳೀಲಿ ಒಣಗಿಸೋದು, ಶುರು ಮಾಡ್ಬೇಕು ಅಂದ್ಕೊಂಡಾಗ ಮೊದಲು ಕೇಳೋದೇ ಯಾವ ಡ್ರೈಯರ್ ತಗೋಬೇಕು ಅಂತ. ನನ್ನ ಕೇಳಿದ್ರೆ ಡ್ರೈಯರ್ ಮಾತು ಕೊನೇಲಿ ಬರ್ಬೇಕು. ಸ್ವಿಚ್ ಹಾಕೋಷ್ಟೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರ್ಬೇಕು, ಅಂದ್ರೆ ಸಿಕ್ಕು ಪೂರ್ತಿ ಬಿಟ್ಟಿರ್ಬೇಕು, ನೀರು ಬಹುಪಾಲು ಇಳಿದಿರ್ಬೇಕು, ಕೂದಲು ಆಗ್ಲೇ ಸ್ವಲ್ಪ ಉದ್ದಕ್ಕೆ ಬಂದಿರ್ಬೇಕು. ಇಷ್ಟಾಗಿದ್ರೆ ಸಾಧಾರಣ ಡ್ರೈಯರ್ ಆದ್ರೂ ಕೆಲಸ ಚೆನ್ನಾಗಾಗುತ್ತೆ, ಇಷ್ಟಾಗ್ದೆ ಇದ್ರೆ ಎಷ್ಟೇ ದುಬಾರಿ ಮಷೀನ್ ಇಟ್ಕೊಂಡ್ರೂ ಕೈ ನೋವು ಬರುತ್ತೆ, ಬಾಚಣಿಗೆ ತುಂಬಾ ತುಂಡು ಕೂದಲು ಸಿಗುತ್ತೆ ಅಷ್ಟೇ.

ಇನ್ನೊಂದು ಮಾತು ಮೊದಲೇ ಹೇಳ್ಬಿಡ್ತೀನಿ. ನಾನು ಬ್ಲೋ ಡ್ರೈ ಮಾಡೋದು ಕೂದಲು ಉದ್ದಕ್ಕೆ ಬಿಡ್ಲಿ ಅಂತ, ಕಡ್ಡಿ ಥರ ನೇರ ಆಗ್ಲಿ ಅಂತಲ್ಲ. ತುಂಬಾ ಬಿಗಿ ಸುರುಳಿ ಇರೋ ಕೂದಲು ಒಣಗಿದಾಗ ಅದರ ನಿಜವಾದ ಉದ್ದದಲ್ಲಿ ಮುಕ್ಕಾಲು ಭಾಗದಷ್ಟು ಕಡಿಮೆಯಾಗಿ ಕಾಣೋ ತನಕ ಕುಗ್ಗಬಹುದು, ಹೆಗಲು ದಾಟೋ ಕೂದಲು ಕಿವಿ ಹತ್ರ ಬಂದು ಕೂತ್ಕೊಳ್ಳುತ್ತೆ. ಅದ್ರಲ್ಲಿ ತಪ್ಪೇನಿಲ್ಲ, ಸುರುಳಿ ಆರೋಗ್ಯವಾಗಿದೆ ಅನ್ನೋದಕ್ಕೆ ಅದೂ ಒಂದು ಗುರುತು. ಆದ್ರೆ ಜಡೆ ಹೆಣ್ಕೋಬೇಕು, ತುದಿ ಸಮ ಮಾಡಿಸ್ಬೇಕು, ಒಂದು ವಾರ ಸಿಕ್ಕಾಗ್ದೆ ಇರ್ಬೇಕು ಅಂದಾಗ ಉದ್ದಕ್ಕೆ ಬಿಟ್ಟಿರೋ ಕೂದಲು ತುಂಬಾ ಸುಲಭ, ಯಾಕಂದ್ರೆ ಎಳೆ ಎಳೆ ಒಂದಕ್ಕೊಂದು ಸುತ್ಕೊಳ್ಳಲ್ಲ. ಬ್ಲೋ ಡ್ರೈ ಆದ್ಮೇಲೂ ನನ್ನ ಕೂದಲಲ್ಲಿ ಒಂದು ಅಲೆ, ಒಂದು ಉಬ್ಬು ಉಳಿದಿರುತ್ತೆ, ಅದು ಉಳೀಲಿ ಅಂತಲೇ ನಾನು ಅಲ್ಲಿಗೆ ನಿಲ್ಲಿಸ್ತೀನಿ. ಅದನ್ನೂ ತೆಗೀಬೇಕು ಅಂತ ಮತ್ತೆ ಮತ್ತೆ ಶಾಖ ಕೊಡೋಕೆ ಹೋದಾಗ್ಲೇ ಕೂದಲು ಹಾಳಾಗೋದು.

ಇದು ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಂಡ್ರೆ ಮುಂದಿನದೆಲ್ಲ ತಾನಾಗೇ ಅರ್ಥ ಆಗುತ್ತೆ. ಕೂದಲು ಅಂದ್ರೆ ಕೆರಾಟಿನ್ ಅನ್ನೋ ಪ್ರೋಟೀನ್, ಅದರೊಳಗೆ ಎರಡು ಥರದ ಕಟ್ಟು ಮುಖ್ಯ. ಒಂದು ಹೈಡ್ರೋಜನ್ ಬಾಂಡ್, ಇದು ನೀರು ಬಿದ್ರೆ ಬಿಚ್ಕೊಳ್ಳುತ್ತೆ, ಒಣಗಿದಾಗ ಆ ಹೊತ್ತಿಗೆ ಕೂದಲು ಯಾವ ಆಕಾರದಲ್ಲಿದ್ಯೋ ಅದೇ ಆಕಾರದಲ್ಲಿ ಮತ್ತೆ ಕಟ್ಕೊಳ್ಳುತ್ತೆ. ಇನ್ನೊಂದು ಡೈಸಲ್ಫೈಡ್ ಬಾಂಡ್, ಅದು ನೀರಿಗೆ ಬಗ್ಗಲ್ಲ, ಅದನ್ನ ಒಡೆಯೋದು ಸುರುಳಿ ನೇರ ಮಾಡೋ ರಿಲ್ಯಾಕ್ಸರ್, ಸುರುಳಿ ತರಿಸೋ ಪರ್ಮ್ ಥರದ ಕೆಮಿಕಲ್. ಬ್ಲೋ ಡ್ರೈ ಮಾಡುವಾಗ ನಾವು ಆಡೋದೆಲ್ಲ ಮೊದಲನೇದರ ಜೊತೆ ಮಾತ್ರ, ಒದ್ದೆ ಕೂದಲನ್ನ ಎಳೆದು ಹಿಡಿದು ಹಾಗೇ ಒಣಗಿಸಿದ್ರೆ ಹಾಗೇ ನಿಲ್ಲುತ್ತೆ, ಮತ್ತೆ ತೊಳೆದ್ರೆ ಸುರುಳಿ ವಾಪಸ್. ಗಾಳೀಲಿ ತೇವ ಜಾಸ್ತಿ ಇರೋ ದಿನ ಬ್ಲೋ ಡ್ರೈ ನಿಲ್ದೇ ಇರೋದಕ್ಕೂ ಇದೇ ಕಾರಣ.

ಗುಂಗುರು ಕೂದಲು ನೋಡೋಕೆ ದಪ್ಪ, ಗಟ್ಟಿ ಅನ್ಸುತ್ತೆ, ಆದ್ರೆ ಒಂದೊಂದೇ ಎಳೆ ನಾಜೂಕು. ಎಳೆಯನ್ನ ಅಡ್ಡ ಕೊಯ್ದು ನೋಡಿದ್ರೆ ದುಂಡಗಿರಲ್ಲ, ಚಪ್ಪಟೆಯಾಗಿ ಮೊಟ್ಟೆ ಆಕಾರದಲ್ಲಿರುತ್ತೆ, ತಿರುವು ಇರೋ ಪ್ರತಿ ಜಾಗಾನೂ ಮುರಿಯೋ ಜಾಗ. ಜೊತೆಗೆ ನೆತ್ತಿಯಲ್ಲಿ ಬರೋ ಜಿಡ್ಡು ಅಷ್ಟೆಲ್ಲ ಸುತ್ತು ಇಳ್ಕೊಂಡು ತುದಿ ತಲುಪೋದು ಕಷ್ಟ, ಹಾಗಾಗಿ ಬುಡ ಜಿಡ್ಡಾಗಿದ್ರೂ ತುದಿ ಒಣಗಿ ಬರಬರ ಅಂತಿರುತ್ತೆ. ಹೇರ್ ಸ್ಟೈಲಿಸ್ಟ್ ಆಂಡ್ರೆ ವಾಕರ್ 1990ರ ದಶಕದಲ್ಲಿ ಕೂದಲನ್ನ ನೇರ ಇರೋದಕ್ಕೆ 1, ತೀರಾ ಬಿಗಿ ಸುರುಳಿಗೆ 4 ಅಂತ ವಿಂಗಡಿಸಿದ್ರು, ಅದ್ರಲ್ಲಿ 3, 4 ಅಂತ ಬರೋ ಕೂದಲಿಗೆ ಈ ಮಾತು ಜಾಸ್ತಿ ಅನ್ವಯ ಆಗುತ್ತೆ. ಆದ್ರೆ ಆ ನಂಬರ್ ಹಿಡ್ಕೊಂಡು ಕೂರ್ಬೇಡಿ, ಒಂದೇ ತಲೇಲಿ ಮುಂದೆ ಒಂಥರ ಹಿಂದೆ ಒಂಥರ ಇರುತ್ತೆ, ಎಳೆ ತೆಳ್ಳಗಿದ್ಯಾ ದಪ್ಪ ಇದ್ಯಾ ಅನ್ನೋದು ಶಾಖದ ವಿಷಯದಲ್ಲಿ ಇನ್ನೂ ಮುಖ್ಯ.

ಈಗ ಸಿಕ್ಕು. ನನ್ನ ಪ್ರಕಾರ ಇಡೀ ಕೆಲಸದ ಜೀವ ಇರೋದೇ ಇಲ್ಲಿ. ಶಾಂಪೂ ಆದ್ಮೇಲೆ ಕಂಡೀಷನರ್ ಧಾರಾಳವಾಗಿ ಹಚ್ಚಿ, ಕೂದಲು ಜಾರ್ತಾ ಇರೋವಾಗ್ಲೇ ಮೊದಲು ಬೆರಳಲ್ಲಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೇಲಿ, ತುದಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಮೇಲಕ್ಕೆ ಬನ್ನಿ. ಬುಡದಿಂದ ಎಳೆದ್ರೆ ಮೇಲಿನ ಸಿಕ್ಕೆಲ್ಲ ಜಾರಿ ಕೆಳಗಿನ ಸಿಕ್ಕಿನ ಮೇಲೆ ಕೂತು ಗಂಟು ಬೀಳುತ್ತೆ. ಉದುರಿದ ಕೂದಲು ಗುಂಗುರಲ್ಲಿ ಕೆಳಗೆ ಬೀಳಲ್ಲ, ಅಲ್ಲೇ ಸುತ್ಕೊಂಡಿರುತ್ತೆ, ಹಾಗಾಗಿ ಬಾಚುವಾಗ ಕೈ ತುಂಬಾ ಬಂದ್ರೆ ಗಾಬರಿ ಬೇಡ, ಒಂದು ಎಳೆ ತಗೊಂಡು ನೋಡಿ, ಒಂದು ತುದೀಲಿ ಚಿಕ್ಕ ಬಿಳಿ ಗುಂಡು ಕಂಡ್ರೆ ಅದು ತಾನಾಗೇ ಉದುರಿದ ಕೂದಲು, ಗುಂಡಿಲ್ದೆ ಗಿಡ್ಡ ಗಿಡ್ಡ ತುಂಡು ಸಿಗ್ತಿದ್ರೆ ನಿಮ್ಮ ಕೈ ಜೋರಾಗಿದೆ ಅಂತ. ಕತ್ತಿನ ಹಿಂದೆ, ಬುಡದ ಹತ್ರ ಒಂದು ಜಾಗ ಇದೆ, ಅಲ್ಲಿ ಕೂದಲು ಕಾಲರ್‌ಗೆ, ದಿಂಬಿಗೆ ಉಜ್ಜಿ ಉಜ್ಜಿ ಉಂಡೆ ಕಟ್ಟಿರುತ್ತೆ, ಕೈಗೆ ಸುಲಭಕ್ಕೆ ಸಿಗಲ್ಲ, ಮೇಲೆ ಬಾಚಣಿಗೆ ಸಲೀಸಾಗಿ ಹೋಯ್ತು ಅಂದ್ಕೊಂಡು ಎಲ್ರೂ ಅದನ್ನ ಬಿಟ್ಬಿಡ್ತಾರೆ. ಅದಕ್ಕೆ ಒಂದೈದು ನಿಮಿಷ ಜಾಸ್ತಿ ಕೊಡಿ, ಯಾಕಂದ್ರೆ ಬಿಸಿ ಗಾಳಿ ಬಿದ್ದ ಮೇಲೆ ಆ ಉಂಡೆ ಬಿಡಿಸೋಕೆ ಆಗಲ್ಲ, ಕತ್ತರಿಸ್ಬೇಕಾಗುತ್ತೆ.

ತೊಳೆದಾದ್ಮೇಲೆ ಟವೆಲ್‌ನಿಂದ ಉಜ್ಜೋದು ಬೇಡ. ಹಳೇ ಕಾಟನ್ ಟೀ ಶರ್ಟ್ ಅಥವಾ ಮೈಕ್ರೋಫೈಬರ್ ಬಟ್ಟೇಲಿ ಹಿಡಿ ಹಿಡಿಯಾಗಿ ಒತ್ತಿ ನೀರು ತೆಗೀರಿ. ಕೂದಲು ತನ್ನ ತೂಕದ ಸುಮಾರು 30 ಪರ್ಸೆಂಟ್ ನೀರು ಒಳಗೇ ಹೀರ್ಕೊಳ್ಳುತ್ತೆ, ಒದ್ದೆ ಇದ್ದಾಗ ಅದು ಉಬ್ಬಿರುತ್ತೆ, ಜಾಸ್ತಿ ಹಿಗ್ಗುತ್ತೆ, ಜಾಸ್ತಿ ಎಳೆದ್ರೆ ವಾಪಸ್ ಬರ್ದೇನೇ ಹೋಗುತ್ತೆ. ಅದಕ್ಕೇ ತೊಟ್ಟಿಕ್ಕೋ ಕೂದಲಿಗೆ ಡ್ರೈಯರ್ ಹಿಡಿಯಲ್ಲ ನಾನು. ದಪ್ಪ ದಪ್ಪ ಜಡೆ ಹಾಕಿ, ಇಲ್ಲಾಂದ್ರೆ ತಿರುಚಿ ಕ್ಲಿಪ್ ಹಾಕಿ, ಅರ್ಧಕ್ಕಿಂತ ಜಾಸ್ತಿ ಒಣಗೋ ತನಕ ಬಿಡ್ತೀನಿ, ಆ ಜಡೇಲೇ ಕೂದಲು ಅರ್ಧ ಉದ್ದಕ್ಕೆ ಬಂದ್ಬಿಟ್ಟಿರುತ್ತೆ. ಆಫ್ರಿಕಾದಲ್ಲಿ ಹಿಂದಿನಿಂದ ಇರೋ ಪದ್ಧತಿಯಲ್ಲಿ ಕೂದಲಿನ ಕಂತೆಗೆ ಬುಡದಿಂದ ದಾರ ಸುತ್ತಿ ಬಿಡ್ತಾರೆ, ಶಾಖವೇ ಇಲ್ದೆ ಉದ್ದಕ್ಕೆ ಬರುತ್ತೆ. ತಾಳ್ಮೆ ಇದ್ರೆ ಆ ದಾರ ಸುತ್ತೋ ಕ್ರಮ ಕಲೀರಿ ಅಂತ ಮನಸಾರೆ ಹೇಳ್ತೀನಿ, ಡ್ರೈಯರ್ ಕೆಲಸ ಇನ್ನೂ ಕಡಿಮೆ ಆಗುತ್ತೆ.

ಹಾಗಂತ ಪೂರ್ತಿ ತಾನಾಗೇ ಒಣಗ್ಲಿ, ಅದೇ ಸೇಫು ಅನ್ನೋ ಮಾತೂ ಪೂರ್ತಿ ನಿಜ ಅಲ್ಲ. 2011ರಲ್ಲಿ ಕೊರಿಯಾದ ಸಂಶೋಧಕರು ಕೂದಲಿನ ಕಂತೆಗಳನ್ನ ಪದೇ ಪದೇ ತೊಳೆದು ಬೇರೆ ಬೇರೆ ರೀತಿ ಒಣಗಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರು. ಡ್ರೈಯರ್ 15 ಸೆಂಟಿಮೀಟರ್ ದೂರ ಇದ್ದಾಗ ಶಾಖ 47 ಡಿಗ್ರಿ ಸೆಲ್ಸಿಯಸ್, 10 ಸೆಂಟಿಮೀಟರ್‌ಗೆ ಬಂದಾಗ 61, 5 ಸೆಂಟಿಮೀಟರ್‌ಗೆ ಬಂದಾಗ 95. ಶಾಖ ಜಾಸ್ತಿ ಆದಷ್ಟೂ ಕೂದಲಿನ ಮೇಲ್ಪದರ ಹಾಳಾಗಿತ್ತು, ಅದು ನಿರೀಕ್ಷೆ ಮಾಡಿದ್ದೇ. ಆದ್ರೆ ಡ್ರೈಯರ್ ಇಲ್ದೆ ಒಣಗಿದ ಕೂದಲಲ್ಲಿ ಮಾತ್ರ ಒಳಗಡೆ ಪದರಗಳನ್ನ ಅಂಟಿಸಿ ಹಿಡಿಯೋ ಭಾಗಕ್ಕೆ ಪೆಟ್ಟು ಬಿದ್ದಿತ್ತು, ತುಂಬಾ ಹೊತ್ತು ನೀರಲ್ಲಿ ಉಬ್ಕೊಂಡೇ ಇದ್ದಿದ್ದಕ್ಕೆ ಇರ್ಬೇಕು ಅಂತ ಅವರ ಅಂದಾಜು. 15 ಸೆಂಟಿಮೀಟರ್, ಅಂದ್ರೆ ಒಂದು ಗೇಣಿಗಿಂತ ಕಡಿಮೆ, ದೂರ ಇಟ್ಟು, ಡ್ರೈಯರ್ ಆಡಿಸ್ತಾನೇ ಇದ್ರೆ ಒಳ್ಳೇದು ಅನ್ನೋ ತೀರ್ಮಾನ ಅವ್ರದ್ದು. ನಾನು 15 ಸೆಂಟಿಮೀಟರ್ ಲೆಕ್ಕ ಹಿಡ್ಕೊಂಡಿರೋದು ಅದಕ್ಕೇ.

ಹೀಟ್ ಪ್ರೊಟೆಕ್ಟೆಂಟ್, ಅಂದ್ರೆ ಶಾಖದಿಂದ ಕಾಪಾಡೋಕೆ ಕೂದಲಿಗೆ ಮೊದಲೇ ಹಚ್ಚೋದು, ಬಿಡ್ಬೇಡಿ. ಅದ್ರಲ್ಲಿರೋ ಡೈಮೆಥಿಕೋನ್ ಥರದ ಸಿಲಿಕೋನ್ ಕೂದಲ ಮೇಲೆ ತೆಳು ಪದರ ಕಟ್ಟಿ ಶಾಖ ಒಳಗೆ ಹೋಗೋದನ್ನ ನಿಧಾನ ಮಾಡುತ್ತೆ, ಪೂರ್ತಿ ತಡೆಯಲ್ಲ, ಆದ್ರೆ ಬಾಚಣಿಗೆ ಜಾರೋ ಹಾಗೆ ಮಾಡುತ್ತಲ್ಲ, ಗುಂಗುರು ಕೂದಲಿಗೆ ಆ ಜಾರೋದೇ ದೊಡ್ಡ ಉಪಕಾರ. ಮೊದಲು ಸ್ವಲ್ಪ ಲೀವ್ ಇನ್ (ತೊಳೀದೆ ಹಾಗೇ ಬಿಡೋ ಕಂಡೀಷನರ್), ಅದರ ಮೇಲೆ ಇದು, ಒಂದೊಂದು ಭಾಗಕ್ಕೆ ಬೇರೆ ಬೇರೆಯಾಗಿ, ತುದಿಗೆ ಜಾಸ್ತಿ. ಎಣ್ಣೆ ಹಚ್ಚಿ ಬ್ಲೋ ಡ್ರೈ ಮಾಡ್ಬಹುದಾ ಅಂತ ಬಹಳ ಜನ ಕೇಳ್ತಾರೆ, ಮೊದಲೇ ಸುರ್ಕೊಂಡ್ರೆ ಕೂದಲು ಅಂಟಂಟಾಗಿ ಗೊಂಚಲು ಗೊಂಚಲಾಗುತ್ತೆ, ಉಬ್ಬು ಹೋಗುತ್ತೆ. ಎಲ್ಲಾ ಮುಗಿದ್ಮೇಲೆ ಎರಡು ಹನಿ ಅಂಗೈಗೆ ಉಜ್ಕೊಂಡು ತುದಿಗೆ ಸವರಿ, ಸಾಕು.

ಬೈತಲೆ ತೆಗೆದು ನಾಲ್ಕು ಭಾಗ ಮಾಡಿ, ಒತ್ತು ಕೂದಲಿದ್ರೆ ಒಂದೊಂದನ್ನೂ ಮತ್ತೆ ಎರಡು ಮಾಡಿ. ಒಂದು ಸಲಕ್ಕೆ ಕೈಗೆ ತಗೊಳ್ಳೋ ಭಾಗ ಬಾಚಣಿಗೆಗಿಂತ ಅಗಲ ಇರ್ಬಾರ್ದು, ಹಿಡಿದ್ರೆ ಆ ಕಡೆ ಬೆರಳು ಕಾಣೋಷ್ಟು ತೆಳ್ಳಗಿದ್ರೆ ಒಳ್ಳೇದು. ಉಳಿದಿದ್ದನ್ನ ಕ್ಲಿಪ್ ಹಾಕಿ ದೂರ ಇಡಿ, ಒಣಗಿದ್ದಕ್ಕೆ ಒದ್ದೆ ತಾಗಿದ್ರೆ ಮಾಡಿದ ಕೆಲಸ ಅಲ್ಲೇ ಕುಗ್ಗುತ್ತೆ. ನಾನು ಹಿಂದಿನಿಂದ ಶುರು ಮಾಡ್ತೀನಿ, ಯಾಕಂದ್ರೆ ಕೈ ಬೇಗ ಸೋಲೋದು ಹಿಂದೆ, ಶಕ್ತಿ ಇರೋವಾಗ್ಲೇ ಅದು ಮುಗೀಲಿ.

ಮೊದಲು ಬಾಚಣಿಗೆ, ಬ್ರಷ್ ಏನೂ ಇಲ್ದೆ ಬರೀ ಕೈಯಲ್ಲಿ. ಒಂದು ಭಾಗದ ತುದಿಯನ್ನ ಎರಡು ಬೆರಳ ಮಧ್ಯ ಹಿಡಿದು ನೆತ್ತಿಗೆ ನೋವಾಗ್ದೆ ಇರೋಷ್ಟು ಬಿಗಿಯಾಗಿ ಎಳೆದು, ಡ್ರೈಯರ್‌ನ ಬುಡದಿಂದ ತುದಿ ಕಡೆಗೆ ಆಡಿಸಿ, ಮಧ್ಯಮ ಶಾಖ, ಜೋರು ಗಾಳಿ. ಕೂದಲ ಮೇಲ್ಪದರ ಮೀನಿನ ಹುರುಪೆ ಥರ ಬುಡದಿಂದ ತುದಿ ಕಡೆಗೆ ಒಂದರ ಮೇಲೊಂದು ಕೂತಿರುತ್ತೆ, ಗಾಳಿ ಅದೇ ದಿಕ್ಕಲ್ಲಿ ಹೋದ್ರೆ ಹುರುಪೆ ಮಲಗಿ ಹೊಳಪು ಬರುತ್ತೆ, ತಿರುಗಾ ಮುರುಗಾ ಹೊಡೆದ್ರೆ ಎದ್ದು ನಿಂತು ಒಂದಕ್ಕೊಂದು ಸಿಕ್ಕಾಕ್ಕೊಳ್ಳುತ್ತೆ. ಹೀಗೆ ಮುಕ್ಕಾಲು ಒಣಗಿದ್ಮೇಲೆ ಬೇಕಾದ್ರೆ ಡ್ರೈಯರ್ ಮೂತಿಗೆ ಹಾಕೋ ಬಾಚಣಿಗೆ ಹಾಕಿ ಬುಡದ ಹತ್ರ ಎರಡು ಸಲ ಎಳೀರಿ. ಆ ಬಾಚಣಿಗೆ ಹಾಕಿದ್ರೆ ಗಾಳಿ ಸೀದಾ ಕೂದಲಿಗೇ ಅಂಟ್ಕೊಂಡು ಬರುತ್ತೆ, ದೂರ ಅನ್ನೋದೇ ಇರಲ್ಲ, ಅದಕ್ಕೇ ಶಾಖ ಇನ್ನೊಂದು ಹಂತ ಇಳಿಸ್ಲೇಬೇಕು. ತೆಳ್ಳನೆ ಎಳೆ ಇರೋರು ಕೈಯಲ್ಲೇ ಮುಗಿಸಿದ್ರೆ ಇನ್ನೂ ಒಳ್ಳೇದು. ಹಣೆ ಅಂಚು, ಕಿವಿ ಪಕ್ಕದ ಸಣ್ಣ ಕೂದಲಿಗೆ ಎಳೆತವೇ ಬೇಡ, ದಿನಾ ಎಳೆದ್ರೆ ಅಲ್ಲಿ ಕೂದಲು ಬರೋದೇ ನಿಂತ್ಹೋಗ್ಬಹುದು, ತಣ್ಣನೆ ಗಾಳಿ ಸಾಕು.

ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಕಣ್ಣಿಗಿಂತ ಕೈಗೆ, ಕಿವಿಗೆ ಬೇಗ ಗೊತ್ತಾಗುತ್ತೆ. ಒದ್ದೆ ಇರೋ ತನಕ ನೀರು ಆವಿ ಆಗ್ತಾ ಕೂದಲನ್ನ ತಂಪಾಗಿ ಇಡುತ್ತೆ, ಎಷ್ಟು ಬಿಸಿ ಗಾಳಿ ಬಿಟ್ರೂ ಕೂದಲು ಅಷ್ಟು ಬಿಸಿ ಆಗಲ್ಲ. ನೀರು ಮುಗಿದ ಕ್ಷಣದಿಂದ ಕೂದಲಿನ ಶಾಖ ಗಾಳಿ ಶಾಖದ ಕಡೆ ಸರ್ರನೆ ಏರುತ್ತೆ, ಆಮೇಲೆ ಕೊಡೋ ಒಂದೊಂದು ಸೆಕೆಂಡೂ ಸುಮ್ನೆ ಸುಡೋದೇ. ಹಿಡಿದಿರೋ ಬೆರಳಿಗೆ ಕೂದಲು ತಣ್ಣಗಿದ್ದಿದ್ದು ಬೆಚ್ಚಗಾಯ್ತು, ಬಾಚಣಿಗೆ ಹೋಗುವಾಗ ಬರ್ತಿದ್ದ ಜಿಗುಟು ಸದ್ದು ಹೋಗಿ ಸರಸರ ಅಂತ ಹಗುರಾಯ್ತು ಅಂದ್ರೆ ಆ ಭಾಗ ಮುಗೀತು, ತಣ್ಣನೆ ಗಾಳಿ ಬಿಡೋ ಕೂಲ್ ಶಾಟ್ ಬಟನ್ ಒತ್ತಿ ಎಳೆದ ಹಾಗೇ ತಣ್ಣಗೆ ಮಾಡಿ, ಕ್ಲಿಪ್ ಹಾಕಿ, ಮುಂದಿನದಕ್ಕೆ ಹೋಗಿ. ಬುಡದಲ್ಲಿ ಒಂಚೂರು ತೇವ ಉಳಿದಿದ್ಯಾ ಅಂತ ಬೆರಳಾಡಿಸಿ ನೋಡಿ, ಅಲ್ಲಿ ಉಳಿದ್ರೆ ಅರ್ಧ ಗಂಟೇಲಿ ಎಲ್ಲಾ ಉಬ್ಬಿ ಕುಗ್ಗಿ ಬರುತ್ತೆ.

ಬ್ಲೋ ಡ್ರೈ ಆದ್ಮೇಲೆ ಸ್ಟ್ರೈಟ್ನರ್ ಹಾಕೋರು ಒಂದು ವಿಷಯ ಗಮನಿಸ್ಲೇಬೇಕು, ಒಂಚೂರೂ ತೇವ ಇರ್ಬಾರ್ದು. ಒಳಗಿರೋ ನೀರು ಒಮ್ಮೆಗೇ ಕುದಿದು ಆವಿಯಾಗಿ ಎಳೆ ಒಳಗೆ ಗುಳ್ಳೆ ಏಳುತ್ತೆ, ಬಬಲ್ ಹೇರ್ ಅಂತಾರೆ, ಅಲ್ಲಿಗೇ ಪಟ್ ಅಂತ ಮುರಿಯುತ್ತೆ, ಅದನ್ನ ಸರಿ ಮಾಡೋ ಕಂಡೀಷನರ್ ಯಾವುದೂ ಇಲ್ಲ. ಕಾದ ಪ್ಲೇಟ್‌ಗೆ ಒದ್ದೆ ಕೂದಲು ತಾಗಿ ಚುಯ್ ಅನ್ನೋ ಸದ್ದು ಬಂತಾ, ತಕ್ಷಣ ತೆಗೀರಿ.

ಡ್ರೈಯರ್ ಬಗ್ಗೆ ಕೊನೇಗೆ ಎರಡು ಮಾತು. ಶಾಖ ಮತ್ತೆ ಗಾಳಿ ಬೇರೆ ಬೇರೆ ಬಟನ್‌ನಲ್ಲಿ ಇರ್ಬೇಕು, ಕೂಲ್ ಶಾಟ್ ಇರ್ಬೇಕು, ಗಾಳಿ ಜೋರಿರ್ಬೇಕು, ಉಳಿದಿದ್ದೆಲ್ಲ ಇದ್ರೂ ಸರಿ ಇಲ್ದಿದ್ರೂ ಸರಿ. ಹಿಂದಿನ ಜಾಲರೀಲಿ ಧೂಳು, ಕೂದಲು ಕಟ್ಕೊಂಡ್ರೆ ಗಾಳಿ ಕಡಿಮೆಯಾಗಿ ಕಾಯಿಲ್ ಜಾಸ್ತಿ ಕಾಯುತ್ತೆ, ಸುಟ್ಟ ವಾಸನೆ ಬರೋದು ಬಹಳ ಸಲ ಅದ್ರಿಂದಾನೇ, ಪ್ಲಗ್ ತೆಗೆದು ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಕ್ಲೀನ್ ಮಾಡಿ. ಸುರುಳಿ ಹಾಗೇ ಇಟ್ಟು ಒಣಗಿಸ್ಬೇಕು ಅನ್ನೋರಿಗೆ ಗಾಳಿ ಹರಡೋ ಹಾಗೆ ಡ್ರೈಯರ್ ಮೂತಿಗೆ ಹಾಕೋ ಡಿಫ್ಯೂಸರ್ ಇದೆ, ಅದರ ಕ್ರಮವೇ ಬೇರೆ, ಇನ್ನೊಂದು ಸಲ ಬರೀತೀನಿ.

ರಾತ್ರಿ ಸ್ಯಾಟಿನ್ ಬಟ್ಟೆ ಕಟ್ಟಿ, ನಾಲ್ಕು ಸಡಿಲ ಜಡೆ ಹಾಕಿ ಮಲಗಿದ್ರೆ ಬ್ಲೋ ಡ್ರೈ ಒಂದು ವಾರ ಆರಾಮಾಗಿ ನಿಲ್ಲುತ್ತೆ, ಮಧ್ಯದಲ್ಲಿ ಮತ್ತೆ ಶಾಖ ಬೇಡ. ಮುಂದಿನ ಸಲ ತಲೆ ತೊಳೆದಾಗ, ಏನೂ ಹಚ್ಚೋ ಮುಂಚೆ, ನೆತ್ತಿ ಮೇಲಿಂದ, ಹಣೆ ಮುಂದಿಂದ, ಹಿಂದಿಂದ ಒಂದೊಂದು ಒದ್ದೆ ಎಳೆ ತಗೊಂಡು ನೋಡಿ, ಸುರುಳಿ ಮೊದಲಿನ ಥರ ಬಿಗಿಯಾಗಿ ವಾಪಸ್ ಬಂದಿದ್ಯಾ ಅಂತ. ಬಂದಿದ್ರೆ ನಿಮ್ಮ ಶಾಖ, ದೂರ ಎಲ್ಲಾ ಸರಿ ಇದೆ. ತುದಿ ಮಾತ್ರ ಜೋತು ಬಿದ್ದು ನೇರ ಉಳಿದಿದ್ರೆ ಅಲ್ಲಿ ಕೆರಾಟಿನ್ನೇ ಕೆಟ್ಟಿದೆ, ಅದು ಇನ್ನು ಸುತ್ಕೊಳ್ಳಲ್ಲ. ಕೆಲವು ತಿಂಗಳು ಡ್ರೈಯರ್ ಒಳಗಿಡಿ, ಆ ತುದೀನ ಪ್ರತಿ ಸಲ ಸ್ವಲ್ಪ ಸ್ವಲ್ಪ ಕತ್ತರಿಸ್ಕೊಂಡು ಬನ್ನಿ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಬುಡದಿಂದ ಹೊಸ ಕೂದಲು ಅದರ ಸುರುಳೀಲೇ ಬರುತ್ತೆ.