ಅಮ್ಮನಿಗೊಂದು ಫೋನು

ಅಮ್ಮನ ಹಳೇ ಫೋನು ಈ ಮಳೆಗಾಲದಲ್ಲಿ ಪೂರ್ತಿ ಕೈಕೊಟ್ಟಿತು. ಚಾರ್ಜಿಂಗ್ ಪೋರ್ಟಿಗೆ ತೇವ ಹೊಕ್ಕಿತ್ತು. ತೀರ್ಥಹಳ್ಳಿಯಿಂದ ಇನ್ನೂ ಒಳಗಿರುವ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಮೂಲೆಯಲ್ಲಿ ಮಾತ್ರ. ಆದರೆ ಫೈಬರ್ ಇಂಟರ್ನೆಟ್ ಬಂದಿದೆ. ಹಾಗಾಗಿ ನಾನು ಮೊದಲು ನೋಡಿದ್ದು ಕ್ಯಾಮೆರಾ ಅಲ್ಲ, ವೈಫೈ ಕಾಲಿಂಗ್. ಅದಿದ್ದರೆ ಮನೆಯ ವೈಫೈ ಮೂಲಕ ಅಡುಗೆಮನೆಯಿಂದಲೇ, ಮಾಮೂಲಿ ನಂಬರಿನಲ್ಲೇ ಮಾತಾಡಬಹುದು. (ಫೋನಿನಲ್ಲಿದ್ದರೆ ಸಾಲದು, ಸಿಮ್ ಕಂಪನಿಯೂ ಆ ಸೌಲಭ್ಯ ಕೊಡಬೇಕು.)

ಕೊನೆಗೆ ಉಳಿದದ್ದು ರೆಡ್ಮಿ ನೋಟ್ 13 ಮತ್ತು ಸ್ಯಾಮ್‌ಸಂಗ್ ಎ16, ಎರಡೂ 5ಜಿ. ಬ್ಯಾಟರಿ ಎರಡಕ್ಕೂ 5000 ಎಂಎಎಚ್. ರೆಡ್ಮಿಗೆ 108 ಮೆಗಾಪಿಕ್ಸೆಲ್ ಕ್ಯಾಮೆರಾ, 33 ವಾಟ್ ಚಾರ್ಜಿಂಗ್. ತಮ್ಮ ಅದನ್ನೇ ಹಿಡಿದು ಕೂತ. ಧೂಳು-ನೀರು ತಡೆಯುವ ಮಟ್ಟ ಎರಡಕ್ಕೂ ಐಪಿ54. ಅಂದರೆ ಮಳೆಯ ಎರಚಲು ತಡೆದಾವು, ಬಚ್ಚಲ ಹಂಡೆಗೆ ಬಿದ್ದರೆ ಕಷ್ಟ. ನನ್ನನ್ನು ಸ್ಯಾಮ್‌ಸಂಗ್ ಕಡೆ ಎಳೆದದ್ದು ಆರು ವರ್ಷದ ಅಪ್‌ಡೇಟ್ ಭರವಸೆ. ಅಮ್ಮ ಹಾಲಿನ ದುಡ್ಡನ್ನೂ ಯುಪಿಐಯಲ್ಲೇ ಕೊಡುತ್ತಾಳೆ. ಭದ್ರತಾ ಅಪ್‌ಡೇಟ್ ನಿಂತುಹೋದ ಫೋನಿನಲ್ಲಿ ಅವಳ ಬ್ಯಾಂಕ್ ಖಾತೆ ಇರುವುದೆಂದರೆ ನನಗೆ ನಿಜಕ್ಕೂ ಭಯ.

"ಅಕ್ಷರ ದೊಡ್ಡದು ಮಾಡಿಕೊಡೇ ಮಾರಾಯ್ತಿ, ಅಷ್ಟು ಸಾಕು" ಅಂದಳು ಅಮ್ಮ.

ಮಾಡಿಕೊಟ್ಟೆ. ನಿನ್ನೆ ಒಲೆಯ ಮುಂದೆ ನಿಂತೇ ಚಿಕ್ಕಮ್ಮನ ಜೊತೆ ಇಪ್ಪತ್ತು ನಿಮಿಷ ಮಾತಾಡಿದಳು.