ಇ1000 ಕಾರ್ಡಿನ ಇಂಟರಪ್ಟ್: ಹ್ಯಾಂಡ್ಲರ್‌ನಲ್ಲಿ ಏನು, ಥ್ರೆಡ್‌ನಲ್ಲಿ ಏನು

14 ಜೂನ್ 2025, ಶನಿವಾರ

64 ಬಿಟ್ ಎಕ್ಸ್86 ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ಇಂಟೆಲ್ ಇ1000 ನೆಟ್‌ವರ್ಕ್ ಕಾರ್ಡು ಜೋಡಿಸುವ ವಿನ್ಯಾಸ ಇವತ್ತು ಒಂದು ಹಂತಕ್ಕೆ ಬಂತು. ಸದ್ಯಕ್ಕೆ ಓಡುವುದು ಕ್ಯೂಎಮು (ಕಂಪ್ಯೂಟರನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಪ್ರೋಗ್ರಾಂ) ಒಳಗೆ. ಇಂಟರಪ್ಟ್ ಎಂದರೆ 'ನನ್ನನ್ನು ನೋಡು' ಎಂದು ಕಾರ್ಡು ಸಿಪಿಯುಗೆ ಕೊಡುವ ಸೂಚನೆ. ಅದು ಬಂದ ಕೂಡಲೇ ಓಡುವ ಕೋಡು ಹ್ಯಾಂಡ್ಲರ್, ಉಳಿದ ಕೆಲಸಕ್ಕೆ ಆಮೇಲೆ ಓಡುವುದು ಥ್ರೆಡ್.

ಮೊದಲು ತಳಪಾಯ. ಐಡಿಟಿಯಲ್ಲಿ (ಯಾವ ಇಂಟರಪ್ಟ್‌ಗೆ ಯಾವ ಹ್ಯಾಂಡ್ಲರ್ ಎಂಬ ಪಟ್ಟಿ) 256 ಎಂಟ್ರಿ, ಒಂದೊಂದಕ್ಕೆ 16 ಬೈಟು, ಒಟ್ಟು ಸರಿಯಾಗಿ ಒಂದು ಪೇಜು. ಮೊದಲ 32 ಪ್ರೊಸೆಸರಿನ ಎಕ್ಸೆಪ್ಶನ್‌ಗಳಿಗೆ (ಸೊನ್ನೆಯಿಂದ ಭಾಗಿಸಿದಂಥ ದೋಷಗಳಿಗೆ) ಮೀಸಲು. ಇಂಟರಪ್ಟ್‌ಗಳನ್ನು ಸಿಪಿಯುಗೆ ಮುಟ್ಟಿಸಲು ಹೊಸ ಏಪಿಕ್ ಬಳಸಿದರೂ, ಅದೇ ಕೆಲಸದ ಹಳೇ ಚಿಪ್ಪು 8259 ಪಿಕ್‌ನ ಇಂಟರಪ್ಟ್‌ಗಳನ್ನು 32ರಿಂದ 47ರವರೆಗಿನ ಎಂಟ್ರಿಗಳಿಗೆ ಸರಿಸಿಯೇ ಮಾಸ್ಕ್ ಮಾಡಬೇಕು (ಮುಚ್ಚಬೇಕು). ಮಾಸ್ಕ್ ಆದ ಮೇಲೂ ಅದರಿಂದ ಒಂದು ಹುಸಿ ಇಂಟರಪ್ಟ್ ಬರಬಹುದು. ಅದು ಎಕ್ಸೆಪ್ಶನ್‌ಗಳ ಜಾಗಕ್ಕೆ ಬಂದು ಬೀಳಬಾರದು. ಕರ್ನಲ್ ಕಂಪೈಲ್ ಮಾಡುವಾಗ ರೆಡ್ ಝೋನ್ ತೆಗೆದುಹಾಕುವುದೂ ಕಡ್ಡಾಯ. ಇಲ್ಲದಿದ್ದರೆ ಸ್ಟ್ಯಾಕ್ ಪಾಯಿಂಟರಿನ ಕೆಳಗಿನ 128 ಬೈಟಿನಲ್ಲಿ ಕಂಪೈಲರ್ ಇಟ್ಟ ಲೋಕಲ್ ವೇರಿಯಬಲ್‌ಗಳ ಮೇಲೆ ಇಂಟರಪ್ಟ್ ಫ್ರೇಮ್ (ಇಂಟರಪ್ಟ್ ಬಂದಾಗ ಸಿಪಿಯು ಸ್ಟ್ಯಾಕಿನಲ್ಲಿ ಉಳಿಸುವ ಮಾಹಿತಿ) ಬಂದು ಕೂರುತ್ತದೆ. ಯಾರೂ ಮುಟ್ಟದ ವೇರಿಯಬಲ್ ಬದಲಾಗಿದೆ ಎಂದರೆ ಮೊದಲು ಇದನ್ನೇ ನೋಡಬೇಕು.

ಈಗ ಕಾರ್ಡಿನ ವಿಷಯ. ಇದರ ಪಿಸಿಐ ಲೈನು ಲೆವೆಲ್ ಟ್ರಿಗರ್. ಕಾರ್ಡು ಲೈನನ್ನು ಬಿಡುವವರೆಗೂ ಇಂಟರಪ್ಟ್ ಇದ್ದೇ ಇರುತ್ತದೆ. ಕಾರ್ಡನ್ನು ಸುಮ್ಮನಾಗಿಸದೆ ಇಓಐ ('ಈ ಇಂಟರಪ್ಟ್ ಮುಗಿಯಿತು' ಎಂಬ ಸೂಚನೆ) ಕಳಿಸಿದರೆ ಹ್ಯಾಂಡ್ಲರ್‌ನಿಂದ ಹೊರಬಂದ ಕೂಡಲೇ ಮತ್ತೆ ಅದರೊಳಕ್ಕೇ. ಮೆಷಿನ್ ಹ್ಯಾಂಗ್ ಆದಂತೆ ಕಾಣುತ್ತದೆ. ಹಾಗಾಗಿ ಹ್ಯಾಂಡ್ಲರ್‌ನಲ್ಲಿ ಇಷ್ಟೇ: ಐಸಿಆರ್ ರಿಜಿಸ್ಟರ್ (ಇಂಟರಪ್ಟ್‌ಗೆ ಕಾರಣ ಏನೆಂದು ಕಾರ್ಡು ತೋರಿಸುವ ಜಾಗ) ಓದು, ಸೊನ್ನೆ ಬಂದರೆ 'ನನ್ನದಲ್ಲ' ಎಂದು ಹಿಂದಿರುಗು (ಲೈನನ್ನು ಬೇರೆ ಕಾರ್ಡೂ ಹಂಚಿಕೊಂಡಿರಬಹುದು), ಇಲ್ಲದಿದ್ದರೆ ಐಎಂಸಿ ರಿಜಿಸ್ಟರಿಗೆ ಬರೆದು ಕಾರ್ಡಿನ ಎಲ್ಲ ಇಂಟರಪ್ಟ್ ಮುಚ್ಚು, ಥ್ರೆಡ್ ಎಬ್ಬಿಸು. ಪಿಸಿಐನಲ್ಲಿ ಬರೆದದ್ದು ದಾರಿಯಲ್ಲೇ ಬಫರ್ ಆಗಿ ನಿಲ್ಲಬಹುದು. ಅದಕ್ಕೇ ಐಎಂಸಿ ಬರೆದ ಮೇಲೆ ಸ್ಟೇಟಸ್ ರಿಜಿಸ್ಟರನ್ನು ಒಮ್ಮೆ ಓದುತ್ತೇವೆ, ಬರೆದದ್ದು ಕಾರ್ಡಿಗೆ ತಲುಪಿದ್ದು ಖಾತ್ರಿಯಾಗುತ್ತದೆ. ಇಓಐ ಕೊನೆಗೆ.

ಪ್ಯಾಕೆಟ್ ಎತ್ತುವುದು ಥ್ರೆಡ್. ಒಂದು ಸುತ್ತಿಗೆ 64 ಪ್ಯಾಕೆಟ್ ಮಿತಿ, ಲಿನಕ್ಸ್‌ನ ನಾಪಿ (ಅಲ್ಲಿ ಪ್ಯಾಕೆಟ್ ಎತ್ತುವ ವ್ಯವಸ್ಥೆ) ಇಟ್ಟುಕೊಂಡ ಅಂಕಿಯೇ. 64 ತುಂಬಿದರೆ ಇಂಟರಪ್ಟ್ ತೆರೆಯದೆ ಸಿಪಿಯು ಬಿಟ್ಟುಕೊಟ್ಟು ಮತ್ತೆ ಬರುತ್ತದೆ. ಕಡಿಮೆ ಸಿಕ್ಕರೆ ಐಎಂಎಸ್ ರಿಜಿಸ್ಟರಿಗೆ ಬರೆದು ಇಂಟರಪ್ಟ್ ಮತ್ತೆ ತೆರೆಯುತ್ತದೆ.

ಎಚ್ಚರ ಬೇಕಾದದ್ದು ಇಲ್ಲೇ. ರಿಂಗ್ (ಬಂದ ಪ್ಯಾಕೆಟ್‌ಗಳು ಕಾಯುವ ಸಾಲು) ಖಾಲಿ ಎಂದು ನೋಡಿದ್ದಕ್ಕೂ ಐಎಂಎಸ್ ಬರೆದದ್ದಕ್ಕೂ ನಡುವೆ ಒಂದು ಪ್ಯಾಕೆಟ್ ಬಂದರೆ? ಕಾರ್ಡಿನ ಇಂಟರಪ್ಟ್ ಮುಚ್ಚಿದ್ದರೂ ಐಸಿಆರ್‌ನಲ್ಲಿ ಬಿಟ್ ಏರಿಯೇ ಇರುತ್ತದೆ, ಐಎಂಎಸ್ ಬರೆದ ತಕ್ಷಣ ಇಂಟರಪ್ಟ್ ಹೊಡೆಯುತ್ತದೆ. ಏನೂ ಕಳೆಯುವುದಿಲ್ಲ. ಆದರೆ ತೆರೆಯುವ ಮುಂಚೆ ಹಳೇ ಬಿಟ್‌ಗಳನ್ನು ಸ್ವಚ್ಛ ಮಾಡೋಣ ಎಂದು ಐಸಿಆರ್ ಓದಿದರೆ ಕೆಟ್ಟಿತು: ಓದಿದರೇ ಅದು ಅಳಿಯುತ್ತದೆ. ಆ ಪ್ಯಾಕೆಟ್ ಇನ್ನೊಂದು ಬರುವವರೆಗೂ ರಿಂಗ್‌ನಲ್ಲೇ ಕೂತಿರುತ್ತದೆ. ಸತತ ಟ್ರಾಫಿಕ್ ಇರುವ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. ಎಲ್ಲೋ ಒಂದು ಪಿಂಗ್ ತಡವಾದಾಗ ಮಾತ್ರ ಸಿಕ್ಕಿಬೀಳುತ್ತದೆ. ಥ್ರೆಡ್‌ನಲ್ಲಿ ಐಸಿಆರ್ ಓದುವ ಸಾಲು ಎಲ್ಲೂ ಇರಕೂಡದು.

ಲಾಕ್ ವಿಷಯ ಹಳೆಯದೇ. ಹ್ಯಾಂಡ್ಲರ್ ಮುಟ್ಟುವ ಸ್ಪಿನ್‌ಲಾಕನ್ನು (ಸಿಗುವವರೆಗೂ ಸಿಪಿಯು ಸುತ್ತುತ್ತಲೇ ಕಾಯುವ ಲಾಕ್) ಥ್ರೆಡ್ ಹಿಡಿಯುವಾಗ ಆ ಸಿಪಿಯುನ ಇಂಟರಪ್ಟ್ ಮುಚ್ಚಿರಬೇಕು. ಇಲ್ಲದಿದ್ದರೆ ಲಾಕ್ ಹಿಡಿದ ಸಿಪಿಯು ಮೇಲೇ ಹ್ಯಾಂಡ್ಲರ್ ಬಂದು ಅದೇ ಲಾಕಿಗೆ ಕಾಯುತ್ತ ನಿಲ್ಲುತ್ತದೆ. ಬಿಡುವಾಗ ಇಂಟರಪ್ಟ್ ಸುಮ್ಮನೆ ತೆರೆಯಬಾರದು, ಮೊದಲಿದ್ದ ಇಂಟರಪ್ಟ್ ಫ್ಲ್ಯಾಗನ್ನೇ (ತೆರೆದಿತ್ತೋ ಮುಚ್ಚಿತ್ತೋ ಎಂಬ ಗುರುತು) ಮರಳಿಸಬೇಕು: ಹೊರಗೆ ಇನ್ನೊಂದು ಲಾಕ್ ಹಿಡಿದಿರಬಹುದು.