ಅಪ್ಪನ ಎದೆಯಲ್ಲಿ ತುಂಬಿದ ನೀರು

ಕಳೆದ ಆಗಸ್ಟ್‌ನಲ್ಲಿ ಅಪ್ಪನಿಗೆ ಕೆಮ್ಮು ಶುರುವಾದಾಗ ಸೋಮವಾರಪೇಟೆಯ ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಮಳೆಗಾಲದ ಶೀತವೆಂದೇ ತಿಳಿದೆವು. ದಿನವೂ ಕಾಫಿ ತೋಟ ಸುತ್ತಿ ನೆನೆದು ಬರುವವರಿಗೆ ಕೆಮ್ಮು ಹೊಸದೇನಲ್ಲ. ಆದರೆ ಮೂರು ವಾರ ಕಳೆದರೂ ಸಂಜೆಯ ಜ್ವರ ಬಿಡಲಿಲ್ಲ, ಬಲ ಮಗ್ಗುಲಿಗೆ ಮಲಗಿದರೆ ಮಾತ್ರ ಉಸಿರಾಟ ಸಲೀಸಾಗುತ್ತಿತ್ತು.

ಮಡಿಕೇರಿಯಲ್ಲಿ ತೆಗೆಸಿದ ಎಕ್ಸ್‌ರೇಯನ್ನು ವೈದ್ಯರು ಬೆಳಕಿಗೆ ಹಿಡಿದು ತೋರಿಸಿದರು. ಎಡಗಡೆ ವಪೆಯೂ (ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುವಿನ ಪರದೆ) ಪಕ್ಕೆಲುಬೂ ಸೇರುವ ಕೆಳಮೂಲೆ ಕತ್ತಿಯ ಮೊನೆಯಂತೆ ಚೂಪಾಗಿತ್ತು. ಬಲಗಡೆ ಆ ಮೂಲೆಯೇ ಇರಲಿಲ್ಲ, ಅಲ್ಲಿ ಬಿಳುಪು ಬಾಗಿ ಪಕ್ಕೆಯುದ್ದಕ್ಕೂ ಮೇಲೇರಿತ್ತು. ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ ಆ ಮೂಲೆ ಮೊಂಡಾಗಿ ಕಾಣಬೇಕಾದರೆ ಸುಮಾರು 200 ಮಿಲಿಲೀಟರ್ ನೀರಾದರೂ ಸೇರಿರಬೇಕಂತೆ. ಅದಕ್ಕಿಂತ ಕಡಿಮೆಯಿದ್ದರೂ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತದೆ.

ರಿಪೋರ್ಟಿನಲ್ಲಿದ್ದ ‘ಪ್ಲೂರಲ್ ಎಫ್ಯೂಷನ್’ ಎಂಬುದನ್ನೇ ನಾನು ಕಾಯಿಲೆಯ ಹೆಸರೆಂದುಕೊಂಡು ಇಡೀ ರಾತ್ರಿ ಹೆದರಿ ಕುಳಿತಿದ್ದೆ. ಹಾಗೆಂದರೆ ಶ್ವಾಸಕೋಶದ ಸುತ್ತ ನೀರು ತುಂಬಿರುವುದು; ಅದು ಕಾಯಿಲೆಯಲ್ಲ, ಕಾಯಿಲೆಯ ಗುರುತು. ಶ್ವಾಸಕೋಶವನ್ನು ಸುತ್ತಿರುವ ಎರಡು ತೆಳುಪೊರೆಗಳ ನಡುವೆ ಆರೋಗ್ಯವಂತರಲ್ಲೂ ಒಂದೆರಡು ಚಮಚದಷ್ಟು ದ್ರವ ಇದ್ದೇ ಇರುತ್ತದೆ. ಹೃದಯ ಸೋತರೆ, ಮೂತ್ರಪಿಂಡ ಅಥವಾ ಯಕೃತ್ತು ಕೆಟ್ಟರೆ, ನ್ಯುಮೋನಿಯಾ, ಕ್ಷಯ ಇಲ್ಲವೇ ಕ್ಯಾನ್ಸರ್ ಬಂದರೆ ಅದು ಹೆಚ್ಚುತ್ತದೆ. ಆದ್ದರಿಂದ ಮನೆಯವರು ಕೇಳಬೇಕಾದ ಪ್ರಶ್ನೆ ‘ನೀರು ಎಷ್ಟಿದೆ’ ಎಂಬುದಕ್ಕಿಂತ ‘ಏಕೆ ಬಂತು’ ಎಂಬುದು.

ಅಪ್ಪನನ್ನು ಮೇಜಿನ ಮೇಲಿನ ದಿಂಬಿಗೆ ಮುಂದಕ್ಕೆ ಒರಗಿಸಿ ಕೂರಿಸಿ, ಬೆನ್ನಿಗೆ ಮರಗಟ್ಟಿಸುವ ಮದ್ದು ಕೊಟ್ಟು, ಪಕ್ಕೆಲುಬಿನ ಮೇಲಂಚಿನಲ್ಲಿ ಸೂಜಿ ಹಾಕಿದರು; ಕೆಳಅಂಚಿನಲ್ಲಿ ರಕ್ತನಾಳವೂ ನರವೂ ಹಾದುಹೋಗುವುದರಿಂದ ಆ ಎಚ್ಚರಿಕೆ. ಬಂದ ನೀರು ಒಣಹುಲ್ಲಿನ ಬಣ್ಣದ್ದು. ಅದರಲ್ಲಿದ್ದ ಪ್ರೋಟೀನು ರಕ್ತದಲ್ಲಿದ್ದುದರ ಅರ್ಧಕ್ಕಿಂತ ಹೆಚ್ಚಿತ್ತು, ಅಂದರೆ ಪೊರೆಯಲ್ಲೇ ಉರಿಯೂತವಿರುವ ಸಂಭವ ಹೆಚ್ಚು. ರಿಚರ್ಡ್ ಲೈಟ್ ಎಂಬ ವೈದ್ಯರು 1972ರಲ್ಲಿ ಪ್ರಕಟಿಸಿದ ಈ ಲೆಕ್ಕಾಚಾರವೇ ಇಂದಿಗೂ ಬಳಕೆಯಲ್ಲಿದೆ. ಆ ನೀರಿನಲ್ಲಿ ಅಡೆನೊಸಿನ್ ಡಿಅಮಿನೇಸ್ ಎಂಬ ಕಿಣ್ವ ಎಷ್ಟಿದೆ ಎಂದು ಅಳೆಯುವ ಎಡಿಎ ಪರೀಕ್ಷೆಯೂ ಕ್ಷಯದ ಸೂಚನೆಯಾದ 40ರ ಗಡಿ ದಾಟಿದ್ದರಿಂದ ವೈದ್ಯರು ಕ್ಷಯವೆಂದು ತೀರ್ಮಾನಿಸಿದರು. ಕಫದಲ್ಲಿ ಕ್ರಿಮಿ ಕಂಡಿರಲಿಲ್ಲ. ಪೊರೆಗೆ ತಗಲುವ ಕ್ಷಯದಲ್ಲಿ ಹಾಗಾಗುವುದು ಸಾಮಾನ್ಯ, ಕಫದ ರಿಪೋರ್ಟ್ ನೋಡಿ ನಿಶ್ಚಿಂತರಾಗಿ ಮನೆಗೆ ಮರಳುವವರಿಗೆ ಇದು ಗೊತ್ತಿರಲೇಬೇಕು.

ಆರು ತಿಂಗಳ ಮಾತ್ರೆ ಸರ್ಕಾರದಿಂದ ಉಚಿತವಾಗಿ ಸಿಕ್ಕಿತು. ಜ್ವರ ಬಿಟ್ಟ ಮೇಲೂ ಅಪ್ಪ ಒಂದು ದಿನವೂ ತಪ್ಪಿಸಲಿಲ್ಲ. ಕರಿಮೆಣಸು ಕೊಯ್ಯುವ ಹೊತ್ತಿಗೆ ತೆಗೆಸಿದ ಎಕ್ಸ್‌ರೇಯಲ್ಲಿ ಬಲಗಡೆಯ ಮೂಲೆ ಮತ್ತೆ ಕಾಣಿಸಿತು. ಪೊರೆ ಮಾತ್ರ ಒಂದಿಷ್ಟು ದಪ್ಪವಾಗಿ ಉಳಿದಿದೆ.